ಅತಿ ಶ್ರೇಷ್ಠ ರೇಸ್ ಕುದುರೆ ಯಾವುದು? ಸೋತ ಓಟದಿಂದ ಶುರು ಮಾಡೋಣ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ಮನೆಯಲ್ಲಿ ಎಲ್ಲರಿಗೂ ಕುದುರೆ ರೇಸಿನ ಹುಚ್ಚು. ಬಾಜಿ ಕಟ್ಟುವುದಕ್ಕಿಂತ ಕುದುರೆಯ ಮೇಲೇ ಪ್ರೀತಿ. ಮಳೆ ಹಿಡಿದು ಕರೆಂಟು ಹೋದ ಒಂದು ರಾತ್ರಿ ಶುರುವಾದ ವಾದ ಇನ್ನೂ ಮುಗಿದಿಲ್ಲ. ಅಮೆರಿಕದ ಸೆಕ್ರೆಟೇರಿಯಟ್‌ಗಿಂತ ದೊಡ್ಡ ಕುದುರೆ ಹುಟ್ಟೇ ಇಲ್ಲ, ಅದರ ಹೃದಯ ಬೇರೆ ಕುದುರೆಗಳದ್ದಕ್ಕಿಂತ ಎರಡು ಪಟ್ಟು ದೊಡ್ಡದಿತ್ತು ಅಂತಾರೆ ಅಪ್ಪ. ಅಣ್ಣನದು ಇಂಗ್ಲೆಂಡಿನ ಫ್ರ್ಯಾಂಕೆಲ್. 14ಕ್ಕೆ 14 ಗೆದ್ದಿದೆ, ಒಂದೂ ಸೋತಿಲ್ಲ, ಇನ್ನೇನು ಬೇಕು ಅಂತಾನೆ. ನಮ್ಮ ಎಲ್ಯೂಸಿವ್ ಪಿಂಪರ್ನೆಲ್, ಸ್ಕ್ವಾಂಡರರ್ ಹೆಸರು ಯಾಕೆ ಯಾರೂ ಎತ್ತಲ್ಲ ಅಂತ ದೊಡ್ಡಪ್ಪನಿಗೆ ಸಿಟ್ಟು. ನನ್ನ ಪ್ರಶ್ನೆ ಇನ್ನೊಂದು. ಇವರ್‍ಯಾರ ಪಟ್ಟಿಯಲ್ಲೂ ಒಂದು ಹೆಣ್ಣು ಕುದುರೆ ಯಾಕಿಲ್ಲ? ನೀವೇ ತೀರ್ಮಾನ ಹೇಳಿ.

ಉತ್ತರ: ನಿಮ್ಮ ಮನೆಯ ವಾದ ಮುಗಿಯದೇ ಇರುವುದಕ್ಕೆ ಕಾರಣ, ಮೂವರೂ ಗೆದ್ದ ಓಟಗಳನ್ನೇ ಎಣಿಸುತ್ತಾ ಕೂತಿರುವುದು. ಚಾಂಪಿಯನ್ ಕುದುರೆಗಳು ಗೆದ್ದ ಓಟಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕೊನೆಯ ಎರಡು ಫರ್ಲಾಂಗಿನಲ್ಲಿ (ಒಂದು ಫರ್ಲಾಂಗ್ ಅಂದರೆ ಸುಮಾರು 200 ಮೀಟರ್) ಅದು ಮುನ್ನುಗ್ಗುತ್ತದೆ, ಉಳಿದವು ಹಿಂದೆ ಬೀಳುತ್ತವೆ. ಕುದುರೆಯ ನಿಜವಾದ ತಾಕತ್ತು ಎಷ್ಟು ಎಂದು ತಿಳಿಯಬೇಕಾದರೆ ಅದು ಸೋತ ಓಟ ನೋಡಬೇಕು. ಯಾರಿಗೆ ಸೋತಿತು, ಬೆನ್ನ ಮೇಲೆ ಎಷ್ಟು ಭಾರ ಇತ್ತು, ಆ ದಿನ ಅದರ ಮೈ ಸರಿಯಿತ್ತೇ? ರೇಸ್ ಲಾಯಗಳಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿ ಈಗ ಚಿಕ್ಕಮಗಳೂರಿನಲ್ಲಿ ನೆಲೆಸಿರುವ ನನಗೆ ಕುದುರೆಗಳನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ.

ಮೊದಲು ಭಾರದ ವಿಷಯ, ಯಾಕೆಂದರೆ ಮನೆಮಾತಿನ ವಾದಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓಟಕ್ಕೆ ಮುಂಚೆ ಜಾಕಿ ಜೀನು ಹಿಡಿದುಕೊಂಡು ತಕ್ಕಡಿಯ ಮೇಲೆ ಕೂರುತ್ತಾನೆ. ಅವನ ತೂಕ ಕಡಿಮೆ ಬಿದ್ದರೆ ಜೀನಿನ ಕೆಳಗಿನ ಬಟ್ಟೆಯ ಜೇಬುಗಳಿಗೆ ಸೀಸದ ಚಪ್ಪಟೆ ತುಂಡುಗಳನ್ನು ತುರುಕುತ್ತಾರೆ. ಅಂಗೈಯಗಲದ ತುಂಡು, ಆದರೆ ಎತ್ತಿ ಹಿಡಿದರೆ ತೋಳು ಜಗ್ಗುತ್ತದೆ. ಒಳ್ಳೆಯ ಜಾಕಿಯ ಮೈ ಕುದುರೆಯ ಲಯದ ಜೊತೆಗೇ ಏರಿಳಿಯುತ್ತದೆ. ಸೀಸ ಮಾತ್ರ ಅಲುಗದೆ ಬೆನ್ನಿಗೆ ಅಂಟಿ ಕೂತಿರುತ್ತದೆ. ಹ್ಯಾಂಡಿಕ್ಯಾಪ್ ಓಟದಲ್ಲಿ ಬಲವಾದ ಕುದುರೆಗೆ ಹೆಚ್ಚು, ದುರ್ಬಲ ಕುದುರೆಗೆ ಕಡಿಮೆ ಭಾರ ಹಾಕಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಲು ನೋಡುತ್ತಾರೆ. ಒಂದು ಮೈಲಿ ಓಟದಲ್ಲಿ ಸುಮಾರು ಒಂದು ಕೆಜಿಗೆ ಒಂದು ಲೆಂಗ್ತ್, ಅಂದರೆ ಒಂದು ಕುದುರೆಯ ಮೈಯುದ್ದ, ಎಂಬುದು ಸ್ಥೂಲ ಲೆಕ್ಕ. ಕಡೂರು ಕಡೆಯ ಜೋಡೆತ್ತಿನ ಗಾಡಿ ಓಟದಲ್ಲಿ ಒಂದು ಗಾಡಿಗೆ ಒಬ್ಬನನ್ನೂ ಇನ್ನೊಂದಕ್ಕೆ ಇಬ್ಬರನ್ನೂ ಕೂರಿಸಿದರೆ ಏನಾಗುತ್ತದೆ ಅಂತ ನಿಮ್ಮ ಅಪ್ಪನಿಗೆ ಹೇಳಬೇಕಾಗಿಲ್ಲ.

ಈ ಲೆಕ್ಕ ಇಟ್ಟುಕೊಂಡು ಅಮೆರಿಕದ ಮ್ಯಾನ್ ಓ ವಾರ್ ಅನ್ನು ನೋಡಿ. 21 ಓಟ, 20 ಗೆಲುವು. ಸೋತದ್ದು 1919ರಲ್ಲಿ, ಸಾರಟೋಗಾದಲ್ಲಿ, ಅಪ್‌ಸೆಟ್ ಎಂಬ ಕುದುರೆಗೆ. ಆಗ ಸ್ಟಾರ್ಟಿಂಗ್ ಗೇಟ್ ಇರಲಿಲ್ಲ, ಅಡ್ಡ ಕಟ್ಟಿದ ಪಟ್ಟಿ ಮೇಲೆದ್ದಾಗ ಓಡಬೇಕು. ಹೊರಡುವಾಗಲೇ ಹಿಂದೆ ಬಿದ್ದು, ಆಮೇಲೆ ಬೇರೆ ಕುದುರೆಗಳ ನಡುವೆ ಸಿಕ್ಕಿಕೊಂಡು, ಕೊನೆಗೆ ಅರ್ಧ ಲೆಂಗ್ತ್ ಅಂತರದಲ್ಲಿ ಸೋತಿತು. ಅದರ ಬೆನ್ನ ಮೇಲೆ 130 ಪೌಂಡ್ ಇತ್ತು, ಅಪ್‌ಸೆಟ್ ಮೇಲೆ 115. ಎರಡು ವರ್ಷದ ಮರಿಗೆ 59 ಕೆಜಿ! ಈ ಸೋಲು ಓದಿದ ಮೇಲೆ ನನಗೆ ಅದರ ಮೇಲಿನ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮರುವರ್ಷ ಅದೇ ಕುದುರೆ 138 ಪೌಂಡ್ ಹೊತ್ತೂ ಗೆದ್ದಿತು. ನಾಲ್ಕನೇ ವಯಸ್ಸಿನಲ್ಲೂ ಓಡಿಸಿದರೆ ಹಿಂದೆಂದೂ ಯಾವ ಕುದುರೆಗೂ ಹಾಕದಷ್ಟು ಭಾರ ಬೀಳುತ್ತದೆ ಎಂದು ಗೊತ್ತಾದಾಗ ಮಾಲೀಕರು ಓಟ ನಿಲ್ಲಿಸಿ ತಳಿಗೆ ಬಿಟ್ಟರು.

ಈಗ ಅಪ್ಪನ ಸೆಕ್ರೆಟೇರಿಯಟ್. 1973ರ ಅಮೆರಿಕನ್ ಟ್ರಿಪಲ್ ಕ್ರೌನ್‌ನ ಮೂರೂ ಓಟಗಳಲ್ಲಿ (ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್) ಅದು ಮಾಡಿದ ದಾಖಲೆಗಳನ್ನು ಅರ್ಧ ಶತಮಾನ ಕಳೆದರೂ ಯಾವ ಕುದುರೆಯೂ ಮುರಿದಿಲ್ಲ. ಕೆಂಟಕಿ ಡರ್ಬಿಯ ಹತ್ತು ಫರ್ಲಾಂಗನ್ನು ಎರಡೆರಡು ಫರ್ಲಾಂಗಾಗಿ ಐದು ಭಾಗ ಮಾಡಿ ನೋಡಿದರೆ, ಪ್ರತಿ ಭಾಗವನ್ನೂ ಅದರ ಹಿಂದಿನ ಭಾಗಕ್ಕಿಂತ ವೇಗವಾಗಿ ಓಡಿದೆ. ಮೊದಲನೆಯದು 25 ಸೆಕೆಂಡು ಚಿಲ್ಲರೆ, ಕೊನೆಯದು 23. ಕುದುರೆಯ ಮೈ ಬಲ್ಲವರಿಗೆ ಇದು ನಂಬಲು ಕಷ್ಟ. ನಾಗಾಲೋಟದಲ್ಲಿ ಕುದುರೆ ಒಂದು ಹೆಜ್ಜೆಗೆ ಒಂದೇ ಉಸಿರು ಎಳೆಯುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಮೂವತ್ತರಿಂದ ನಲವತ್ತು ಬಾರಿ ಬಡಿಯುವ ಹೃದಯ 200 ದಾಟಿರುತ್ತದೆ. ಗುಲ್ಮದಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳೆಲ್ಲ ಆಗಲೇ ರಕ್ತಕ್ಕೆ ಬಂದಾಗಿರುತ್ತದೆ. ಕೊನೆಗೆ ಬರುವಾಗ ಪ್ರತಿ ಕುದುರೆಯೂ ನಿಧಾನವಾಗುತ್ತಲೇ ಇರುತ್ತದೆ. ಮುನ್ನುಗ್ಗಿದಂತೆ ಕಾಣುವುದು ಬೇರೆಯವು ಇನ್ನೂ ಹೆಚ್ಚು ನಿಧಾನವಾಗುವುದರಿಂದ. ಈ ಕುದುರೆ ಮಾತ್ರ ನಿಜವಾಗಿಯೂ ವೇಗ ಏರಿಸುತ್ತಾ ಬಂತು.

ಆಮೇಲೆ ಜೂನ್ 9ರ ಬೆಲ್ಮಾಂಟ್ ಸ್ಟೇಕ್ಸ್. ಒಂದೂವರೆ ಮೈಲಿ, ಎರಡು ನಿಮಿಷ 24 ಸೆಕೆಂಡು, 31 ಲೆಂಗ್ತ್ ಗೆಲುವು. 31 ಲೆಂಗ್ತ್ ಅಂದರೆ ಸುಮಾರು 75 ಮೀಟರ್. ಆ ಓಟದ ವಿಡಿಯೊ ನೋಡುವಾಗ ಎಲ್ಲರೂ ಕೊನೆಯ ತಿರುವನ್ನು ನೋಡುತ್ತಾರೆ. ನೀವು ಮೊದಲ ಅರ್ಧ ನೋಡಿ. ಶ್ಯಾಮ್ ಎಂಬ ಕುದುರೆ ಪಕ್ಕದಲ್ಲೇ ಇದೆ. ಡರ್ಬಿಯಲ್ಲೂ ಪ್ರೀಕ್‌ನೆಸ್‌ನಲ್ಲೂ ಎರಡನೆಯದಾಗಿ ಬಂದ ಕುದುರೆ ಅದು, ಬೇರೆ ಯಾವ ವರ್ಷದಲ್ಲಿ ಹುಟ್ಟಿದ್ದರೂ ಚಾಂಪಿಯನ್ ಆಗುತ್ತಿತ್ತು. ಎರಡೂ ಸೇರಿ ಮೊದಲ ಆರು ಫರ್ಲಾಂಗನ್ನು ಒಂದು ನಿಮಿಷ ಹತ್ತು ಸೆಕೆಂಡಿನ ಒಳಗೆ ಮುಗಿಸಿದವು. ಒಂದೂವರೆ ಮೈಲಿಯ ಓಟದಲ್ಲಿ ಹಾಗೆ ಓಡುವುದು ಆತ್ಮಹತ್ಯೆಯ ವೇಗ. ಶ್ಯಾಮ್ ಕುಸಿದು ಐದರಲ್ಲಿ ಐದನೆಯದಾಗಿ ಬಂತು. ಸೆಕ್ರೆಟೇರಿಯಟ್ ಅದೇ ವೇಗವನ್ನು ಎಳೆದುಕೊಂಡು ಹೋಯಿತು. ಆ ಟ್ರ್ಯಾಕಿನ ಒಂದೂವರೆ ಮೈಲಿಯಲ್ಲಿ ಈ ಓಟದ ನಂತರದ ಅತ್ಯುತ್ತಮ ವೇಳೆ ಎರಡು ನಿಮಿಷ 26 ಸೆಕೆಂಡು, 1989ರಲ್ಲಿ ಈಸಿ ಗೋಯರ್, 1992ರಲ್ಲಿ ಎ.ಪಿ. ಇಂಡಿ. ಆ ಇಬ್ಬರು ಚಾಂಪಿಯನ್‌ಗಳನ್ನೂ 1973ರ ಆ ದಿನಕ್ಕೆ ತಂದು ನಿಲ್ಲಿಸಿದ್ದರೆ ಹತ್ತು ಲೆಂಗ್ತ್ ಹಿಂದೆ ಇರುತ್ತಿದ್ದವು. ಎ.ಪಿ. ಇಂಡಿ ಸೆಕ್ರೆಟೇರಿಯಟ್‌ನ ಮಗಳ ಮಗ ಎಂಬುದನ್ನೂ ಅಪ್ಪನಿಗೆ ಹೇಳಿ, ಖುಷಿಪಡುತ್ತಾರೆ.

ಹೃದಯದ ವಿಷಯ. 1989ರಲ್ಲಿ ಗೊರಸಿನ ಒಳಪದರದ ಉರಿಯೂತ ಬಂದು, ನೋವು ನೀಗದೆ, ಆ ಕುದುರೆಗೆ ದಯಾಮರಣ ಕೊಡಬೇಕಾಯಿತು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಹೃದಯ 22 ಪೌಂಡ್, ಅಂದರೆ 10 ಕೆಜಿಯಷ್ಟು ಇದ್ದಿರಬೇಕು ಎಂದು ಹೇಳಿದ್ದು ನಿಜ. ಮಾಮೂಲಿ ಥರೋಬ್ರೆಡ್ (ರೇಸಿಗೆಂದೇ ಬೆಳೆಸಿದ ತಳಿ) ಕುದುರೆಯ ಹೃದಯ ನಾಲ್ಕೈದು ಕೆಜಿ. ಆದರೆ ಆ ಹೃದಯವನ್ನು ತಕ್ಕಡಿಯಲ್ಲಿ ಇಡಲಿಲ್ಲ, ಅದು ಕಣ್ಣಂದಾಜು. ನೂರಾರು ಕುದುರೆಗಳನ್ನು ಕೊಯ್ದು ನೋಡಿದ ವೈದ್ಯರ ಕಣ್ಣಂದಾಜಿಗೆ ಬೆಲೆ ಇದೆ, ಆದರೂ ಅದನ್ನು ತೂಗಿದ ಅಂಕಿಯಂತೆ ಹೇಳಬಾರದು. ತೂಗಿದ ಹೃದಯ ಬೇರೆ ಒಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಇಷ್ಟೆಲ್ಲ ಇದ್ದೂ ಸೆಕ್ರೆಟೇರಿಯಟ್ 21 ಓಟಗಳಲ್ಲಿ ಗೆದ್ದದ್ದು 16. ಡರ್ಬಿಗೆ ಮುಂಚಿನ ವುಡ್ ಮೆಮೋರಿಯಲ್‌ನಲ್ಲಿ ಮೂರನೆಯದಾಗಿ ಬಂತು. ಬಾಯೊಳಗೆ ಕೀವುಗುಳ್ಳೆ ಎದ್ದಿತ್ತು. ಕಡಿವಾಣ ಎಳೆದರೆ ಪ್ರಾಣ ಹೋಗುವಂಥ ನೋವದು, ಆ ಸೋಲನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಗಸ್ಟಿನಲ್ಲಿ ಆನಿಯನ್ ಎಂಬ ಕುದುರೆಗೆ ಸೋತಾಗ ಜ್ವರ ಇತ್ತು ಅಂತಾರೆ, ಅದನ್ನೂ ಒಪ್ಪೋಣ. ಆದರೆ ಸೆಪ್ಟೆಂಬರಿನ ವುಡ್‌ವರ್ಡ್‌ನಲ್ಲಿ ಪ್ರೂವ್ ಔಟ್ ಎಂಬ ಕುದುರೆಗೆ ನಾಲ್ಕೂವರೆ ಲೆಂಗ್ತ್ ಅಂತರದಲ್ಲಿ ಸೋತದ್ದಕ್ಕೆ ನನ್ನ ಹತ್ತಿರ ಸಮಾಧಾನ ಇಲ್ಲ. ಆನಿಯನ್, ಪ್ರೂವ್ ಔಟ್ ಎರಡನ್ನೂ ತಯಾರು ಮಾಡಿದವರು ಒಬ್ಬರೇ ಟ್ರೇನರ್, ಅಲೆನ್ ಜರ್ಕೆನ್ಸ್. ಇನ್ನೊಂದು ವಿಷಯ, ಸೆಕ್ರೆಟೇರಿಯಟ್ ಯಾವತ್ತೂ 126 ಪೌಂಡ್‌ಗಿಂತ, ಸುಮಾರು 57 ಕೆಜಿಗಿಂತ ಹೆಚ್ಚು ಹೊರಲಿಲ್ಲ. ಒಂದೇ ದಿನದ ಓಟ ಯಾವುದು ಶ್ರೇಷ್ಠ ಎಂದು ಕೇಳಿದರೆ ಆ ಬೆಲ್ಮಾಂಟ್‌ಗೆ ಸಾಟಿಯಿಲ್ಲ, ಅಲ್ಲಿ ಅಪ್ಪ ಗೆದ್ದರು. ಕುದುರೆ ಯಾವುದು ಶ್ರೇಷ್ಠ ಎಂಬುದು ಬೇರೆಯೇ ಪ್ರಶ್ನೆ.

ಫ್ರ್ಯಾಂಕೆಲ್ ವಿಷಯದಲ್ಲಿ ನನ್ನ ಅಳತೆಗೋಲಿಗೇ ತೊಡಕು. ಸೋತ ಓಟವೇ ಇಲ್ಲ. 2010ರಿಂದ 2012ರವರೆಗೆ ಮೂರು ಸೀಸನ್ ಗೆಲ್ಲುತ್ತಲೇ ಬಂತು. ಹಾಗೆ ಇಡೀ ಜೀವನ ಒಂದು ಕುದುರೆಯನ್ನು ಹದದಲ್ಲಿ ಇಡುವುದು ಎಷ್ಟು ಕಷ್ಟ ಎಂದು ಲಾಯದಲ್ಲಿ ದುಡಿದವರಿಗೆ ಗೊತ್ತು. ಟ್ರೇನರ್ ಹೆನ್ರಿ ಸೆಸಿಲ್ ಆಗ ಕ್ಯಾನ್ಸರಿನಿಂದ ನರಳುತ್ತಿದ್ದರು, ಕುದುರೆ ನಿವೃತ್ತಿಯಾದ ಮರುವರ್ಷ ತೀರಿಕೊಂಡರು. ಚಿಕ್ಕ ವಯಸ್ಸಿನಲ್ಲಿ ಕಡಿವಾಣಕ್ಕೆ ಸಿಕ್ಕದೆ ಎಳೆದುಕೊಂಡು ಓಡುತ್ತಿದ್ದ ಕುದುರೆಗೆ ಸಮಾಧಾನವಾಗಿ ಓಡುವುದನ್ನು ಕಲಿಸಿದ್ದು ಅವರ ದೊಡ್ಡ ಕೆಲಸ. 2011ರ 2000 ಗಿನೀಸ್‌ನಲ್ಲಿ ಅದು ಗೇಟಿನಿಂದಲೇ ಬಿಟ್ಟು ಓಡಿ, ಅರ್ಧ ದಾರಿಯಲ್ಲೇ ಉಳಿದವನ್ನು ಎಷ್ಟೋ ಹಿಂದೆ ಬಿಟ್ಟಿತ್ತು. 2012ರಲ್ಲಿ ಯಾರ್ಕ್‌ನಲ್ಲಿ ಮೊದಲ ಬಾರಿಗೆ ಹತ್ತು ಫರ್ಲಾಂಗ್ ದಾಟಿದ ಓಟ, ಏಳು ಲೆಂಗ್ತ್ ಗೆಲುವು. ಅದರ ಹಿಂದೆ ಮತ್ತೆ ಮತ್ತೆ ಬಿದ್ದ ಎಕ್ಸೆಲೆಬ್ರೇಷನ್, ಫ್ರ್ಯಾಂಕೆಲ್ ಇಲ್ಲದ ದಿನ ಫ್ರಾನ್ಸಿನಲ್ಲೂ ಇಂಗ್ಲೆಂಡಿನಲ್ಲೂ ಗ್ರೂಪ್ ಒನ್, ಅಂದರೆ ಅತಿ ಉನ್ನತ ದರ್ಜೆಯ ಓಟ ಗೆದ್ದಿತು. ಹಾಗಾಗಿ ಎದುರಾಳಿಗಳು ಸಾಧಾರಣ ಎಂಬ ಮಾತು ನಿಲ್ಲುವುದಿಲ್ಲ.

ಕುದುರೆಗಳಿಗೆ ಅಂಕ ಕೊಡುವ ಬ್ರಿಟನ್ನಿನ ಟೈಮ್‌ಫಾರ್ಮ್ ಸಂಸ್ಥೆಯ ರೇಟಿಂಗ್ 147, ಸಪಾಟು ಓಟದ ಕುದುರೆಗೆ ಅವರು ಕೊಟ್ಟ ಅತಿ ಹೆಚ್ಚಿನ ಅಂಕ. ಅದಕ್ಕೂ ಹಿಂದೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ 1965ರ ಸೀ ಬರ್ಡ್‌ಗೆ ಕೊಟ್ಟ 145 ಮೇಲೆ ಇತ್ತು. ಇದನ್ನೇ ಅಣ್ಣ ಹಿಡಿದುಕೊಂಡಿರಬಹುದು. ಆದರೆ ರೇಟಿಂಗ್ ಎಂದರೆ ಬಲ್ಲವರು ಕೂತು ಹಾಕಿದ ಅಂದಾಜು, ಗಡಿಯಾರದ ಮುಳ್ಳಲ್ಲ. ಅಧಿಕೃತ ವಿಶ್ವ ಪಟ್ಟಿಯಲ್ಲಿ 1986ರ ಡ್ಯಾನ್ಸಿಂಗ್ ಬ್ರೇವ್ ಹೆಸರಿನ ಮುಂದೆ 141 ಇತ್ತು. 2013ರಲ್ಲಿ ಹಳೆಯ ಅಂಕಗಳನ್ನು ಮರುಹೊಂದಿಸಿ ಅದನ್ನು 138ಕ್ಕೆ ಇಳಿಸಿದರು. 140 ಇದ್ದ ಫ್ರ್ಯಾಂಕೆಲ್ ಹಾಗೆ ಮೊದಲನೆಯ ಸ್ಥಾನಕ್ಕೆ ಬಂತು. ಅಣ್ಣನಿಗೆ ನನ್ನ ಆಕ್ಷೇಪ ಇಷ್ಟೇ: ಫ್ರ್ಯಾಂಕೆಲ್ ಇಂಗ್ಲೆಂಡ್ ಬಿಟ್ಟು ಹೊರಗೆ ಓಡಲಿಲ್ಲ, ಒಂದೂವರೆ ಮೈಲಿ ಮುಟ್ಟಲಿಲ್ಲ, ಹ್ಯಾಂಡಿಕ್ಯಾಪ್ ಭಾರ ಹೊರಲಿಲ್ಲ. ಅದಕ್ಕೆ ಇವೆಲ್ಲ ಆಗುತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅದನ್ನು ಕೇಳಲೇ ಇಲ್ಲ.

ಎಲ್ಲವನ್ನೂ ಕೇಳಿಸಿಕೊಂಡ ಕುದುರೆ ಫಾರ್ ಲ್ಯಾಪ್. ನನ್ನ ಮೊದಲ ಸ್ಥಾನ ಅದಕ್ಕೆ. ನ್ಯೂಜಿಲೆಂಡಿನಲ್ಲಿ 1926ರಲ್ಲಿ ಹುಟ್ಟಿ, ಹರಾಜಿನಲ್ಲಿ ಬರೀ 160 ಗಿನಿಗೆ ಹೋದ ಕುದುರೆ. ಮೊದಲ ಓಟದಲ್ಲಿ ಕಟ್ಟಕಡೆಗೆ ಬಂತು. ಒಟ್ಟು 51 ಓಟಗಳಲ್ಲಿ 37 ಗೆಲುವು, ಸೋಲುಗಳಲ್ಲಿ ಬಹುಪಾಲು ಎಳೆಯ ವಯಸ್ಸಿನವು. 1930ರ ಮೆಲ್ಬರ್ನ್ ಕಪ್ ಹತ್ತಿರ ಬಂದಾಗ ಜನ ಅದನ್ನು ಎಷ್ಟು ನಂಬಿದ್ದರೆಂದರೆ, ಯಾರೋ ಅದಕ್ಕೆ ಗುಂಡು ಹಾರಿಸಿದರು. ಗುರಿ ತಪ್ಪಿತು. ಅದೇ ದಿನ ಮಧ್ಯಾಹ್ನ ಒಂದು ಓಟ ಗೆದ್ದು, ಮೂರು ದಿನ ಬಿಟ್ಟು ಎರಡು ಮೈಲಿಯ ಕಪ್ ಓಡಿತು, ಬೆನ್ನ ಮೇಲೆ 138 ಪೌಂಡ್, ಹತ್ತಿರಹತ್ತಿರ 63 ಕೆಜಿ. ಮೂರು ಲೆಂಗ್ತ್ ಅಂತರದಲ್ಲಿ ಗೆದ್ದಿತು.

ಈಗ ಅದು ಸೋತ ಓಟ ನೋಡಿ. ಮರುವರ್ಷ ಅದೇ ಕಪ್‌ಗೆ ಹ್ಯಾಂಡಿಕ್ಯಾಪರ್ ಹಾಕಿದ ಭಾರ 150 ಪೌಂಡ್, 68 ಕೆಜಿ. ಗೆದ್ದ ವೈಟ್ ನೋಸ್ ಹೊತ್ತದ್ದು 44 ಕೆಜಿಗೂ ಕಡಿಮೆ. ಇಪ್ಪತ್ತನಾಲ್ಕು ಕೆಜಿ ವ್ಯತ್ಯಾಸ, ಅದೂ ಎರಡು ಮೈಲಿಗೆ. ಫಾರ್ ಲ್ಯಾಪ್ ಎಂಟನೆಯದಾಗಿ ಬಂತು. ದಾಖಲೆಯ ಪುಸ್ತಕದಲ್ಲಿ ಅದು ಬರೀ '8' ಎಂಬ ಅಂಕಿ. ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಯಾವ ಕುದುರೆಗೂ ಯಾರೂ ಬರೆದುಕೊಟ್ಟಿಲ್ಲ ಎಂದು ನಾನು ನಂಬಿದ್ದೇನೆ. ಉಳಿದವುಗಳ ಸಮಕ್ಕೆ ತರಲು ಅದಕ್ಕೆ ಅಷ್ಟು ಸೀಸ ಹೇರಬೇಕೆಂದು ಆ ದೇಶದ ಅಧಿಕಾರಿಗಳೇ ತೀರ್ಮಾನಿಸಿದರು.

ಅಲ್ಲಿಗೇ ನಿಲ್ಲಲಿಲ್ಲ. ಹಡಗಿನಲ್ಲಿ ಪೆಸಿಫಿಕ್ ದಾಟಿಸಿ ಉತ್ತರ ಅಮೆರಿಕಕ್ಕೆ ಒಯ್ದರು. 1932ರ ಮಾರ್ಚಿನಲ್ಲಿ ಮೆಕ್ಸಿಕೊದ ಆಗ್ವಾ ಕಾಲಿಯೆಂಟೆಯಲ್ಲಿ, ಹುಲ್ಲಿನ ಮೇಲೆ ಓಡಿ ಬೆಳೆದ ಕುದುರೆ ಮಣ್ಣಿನ ಟ್ರ್ಯಾಕಿನ ಮೇಲೆ, ಗೊರಸು ಬಿರುಕು ಬಿಟ್ಟ ಸ್ಥಿತಿಯಲ್ಲಿ, 129 ಪೌಂಡ್ ಹೊತ್ತು, ಹಿಂದಿನಿಂದ ಬಂದು, ಆ ಟ್ರ್ಯಾಕಿನ ದಾಖಲೆ ಮುರಿದು ಗೆದ್ದಿತು. ಬಿರಿದ ಗೊರಸಿನ ಕುದುರೆ ಲಾಯದಲ್ಲಿ ನೆಲಕ್ಕೆ ಕಾಲೂರಲು ಹೇಗೆ ಹಿಂಜರಿಯುತ್ತದೆ ಎಂದು ನೋಡಿದ್ದೇನೆ. ಕಾಲನ್ನು ಊರಿದ ಹಾಗೆ ಮಾಡಿ ಥಟ್ಟನೆ ಎತ್ತಿಬಿಡುತ್ತದೆ. ಅಂಥ ಕಾಲಿನಲ್ಲಿ ಹತ್ತು ಫರ್ಲಾಂಗ್. ಕೆಲವೇ ದಿನಗಳಲ್ಲಿ, ಏಪ್ರಿಲ್ 5ರಂದು, ಅದು ಕ್ಯಾಲಿಫೋರ್ನಿಯಾದಲ್ಲಿ ಹೊಟ್ಟೆನೋವಿನಿಂದ ಒದ್ದಾಡಿ ಸತ್ತಿತು. ಬಹಳ ವರ್ಷಗಳ ನಂತರ ಅದರ ಕೂದಲನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ, ಸಾಯುವ ಮುಂಚಿನ ಗಂಟೆಗಳಲ್ಲಿ ದೊಡ್ಡ ಪ್ರಮಾಣದ ಆರ್ಸೆನಿಕ್ ಮೈ ಸೇರಿದ ಗುರುತು ಸಿಕ್ಕಿತು. ಆ ಕಾಲದಲ್ಲಿ ಕುದುರೆಗಳಿಗೆ ಕೊಡುತ್ತಿದ್ದ ಟಾನಿಕ್‌ಗಳಲ್ಲೂ ಆರ್ಸೆನಿಕ್ ಇರುತ್ತಿತ್ತು. ಆದ್ದರಿಂದ ಕೊಲೆ ಎಂದು ಬೊಟ್ಟು ಮಾಡುವ ಹಾಗಿಲ್ಲ. ಅದರ ಹೃದಯವನ್ನು ತೂಗಿದರು, 6.2 ಕೆಜಿ. ಈಗಲೂ ಕ್ಯಾನ್‌ಬೆರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇದೆ.

ದೊಡ್ಡಪ್ಪನ ಸಿಟ್ಟಿನಲ್ಲಿ ನ್ಯಾಯ ಇದೆ. 22 ಗೆಲುವು, 23 ಓಟ, ಎಲ್ಯೂಸಿವ್ ಪಿಂಪರ್ನೆಲ್. 18 ಗೆಲುವು, 19 ಓಟ, ಸ್ಕ್ವಾಂಡರರ್. ಎರಡನ್ನೂ ತಯಾರು ಮಾಡಿದವರು ರಶೀದ್ ಬೈರಾಮ್‌ಜಿ. ಅದರಲ್ಲೂ ಸ್ಕ್ವಾಂಡರರ್ ಗೆದ್ದ ನಮ್ಮ ಟ್ರಿಪಲ್ ಕ್ರೌನ್ ಅಮೆರಿಕದ್ದಕ್ಕಿಂತ ಒಂದು ರೀತಿಯಲ್ಲಿ ಕಠಿಣ. ಅಲ್ಲಿ ಅತಿ ಉದ್ದದ ಓಟ 2400 ಮೀಟರ್. ಇಲ್ಲಿ 1600 ಮೀಟರಿನ ಗಿನೀಸ್‌ನಲ್ಲಿ ಬೇಕಾದ ವೇಗವೂ ಇರಬೇಕು, 2800 ಮೀಟರಿನ ಸೇಂಟ್ ಲೆಜರ್‌ಗೆ ಬೇಕಾದ ದಮ್ಮೂ ಇರಬೇಕು. ಆದರೆ ಈ ಕುದುರೆಗಳು ಹೊರದೇಶದ ಚಾಂಪಿಯನ್‌ಗಳ ಎದುರು ಓಡಲಿಲ್ಲ. ಕುದುರೆ ರೋಗಗಳ ಭಯದಿಂದ ಹಾಕಿದ ಕ್ವಾರಂಟೈನ್ ನಿಯಮಗಳು ನಮ್ಮ ಕುದುರೆಗಳು ಹೊರಗೆ ಹೋಗುವುದನ್ನು ದೀರ್ಘಕಾಲ ಕಷ್ಟ ಮಾಡಿದ್ದವು. ಹಾಗಾಗಿ ವಿಶ್ವ ಪಟ್ಟಿಯಲ್ಲಿ ಅವುಗಳಿಗೆ ಇಂಥದ್ದೇ ಸ್ಥಾನ ಎಂದು ನಾನು ಕೊಡಲಾರೆ. ಭಾರತದ ಪಟ್ಟಿಯಲ್ಲಿ ಆ ಎರಡಕ್ಕಿಂತ ಮೇಲೆ ಬೇರೆ ಹೆಸರು ಬರೆಯಲೂ ಕೈ ಬರುವುದಿಲ್ಲ. ಕುದುರೆ ಕಟ್ಟಿದ ನಾಡು ನಮ್ಮದು. ಹಳೇಬೀಡಿನ ಗೋಡೆಯ ಮೇಲೆ ಆನೆ, ಸಿಂಹಗಳ ಸಾಲಿನ ಮೇಲೆ ಸವಾರರ ಸಾಲು ಓಡುತ್ತಿದೆ, ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಕುಣಿಗಲ್ ಸಿಗುತ್ತದೆ, ಟಿಪ್ಪುವಿನ ದಂಡಿಗೆ ಕುದುರೆ ಬೆಳೆಸಿದ ಊರು.

ನಿಮ್ಮ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ನಾಲ್ವರಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ನೀವೇ. ಆಸ್ಟ್ರೇಲಿಯಾದ ವಿಂಕ್ಸ್ ಕೊನೆಯ 33 ಓಟಗಳನ್ನು ಸಾಲಾಗಿ ಗೆದ್ದು 2019ರಲ್ಲಿ ನಿವೃತ್ತಿಯಾಯಿತು. ಬ್ಲ್ಯಾಕ್ ಕ್ಯಾವಿಯರ್ 25ಕ್ಕೆ 25. ಅದರಲ್ಲಿ ಒಂದು ಇಂಗ್ಲೆಂಡಿನ ರಾಯಲ್ ಆಸ್ಕಟ್‌ನಲ್ಲಿ ಸ್ನಾಯು ಹರಿದುಕೊಂಡು ಗೆದ್ದದ್ದು. ಅಮೆರಿಕದ ಝೆನ್ಯಾಟಾ ತನ್ನ 20 ಓಟಗಳಲ್ಲಿ ಸೋತದ್ದು ಕೊನೆಯ ಒಂದನ್ನು, 2010ರಲ್ಲಿ, ದೇಶದ ಅತ್ಯುತ್ತಮ ಗಂಡು ಕುದುರೆಗಳ ಎದುರು, ಬರೀ ಒಂದು ತಲೆಯ ಅಂತರದಲ್ಲಿ. ವಾದಗಳಲ್ಲಿ ಇವುಗಳ ಹೆಸರು ಬಾರದೇ ಇರುವುದಕ್ಕೆ ಮುಖ್ಯ ಕಾರಣ ತಳಿ ವ್ಯಾಪಾರ. ಗಂಡು ಕುದುರೆ ತಳಿಗೆ ಹೋದಮೇಲೂ ವರ್ಷಕ್ಕೆ ನೂರಾರು ಮರಿಗಳ ಮೂಲಕ ಅದರ ಹೆಸರು ಕೇಳಿಬರುತ್ತಲೇ ಇರುತ್ತದೆ. ಹೆಣ್ಣು ಕುದುರೆ ವರ್ಷಕ್ಕೆ ಒಂದೇ ಮರಿ ಹಾಕುವುದು.

ಈ ಹೆಣ್ಣು ಕುದುರೆಗಳೆಲ್ಲಕ್ಕಿಂತ ಮೇಲೆ ನಾನು ಇಡುವುದು ಹಂಗೇರಿಯ ಕಿಂಚೆಮ್ ಅನ್ನು. 1876ರಿಂದ 1879ರವರೆಗೆ 54 ಓಟ, 54 ಗೆಲುವು. ಸೋಲದ ಕುದುರೆಯನ್ನು ನಾನು ಮೊದಲು ಅನುಮಾನದಿಂದಲೇ ನೋಡುತ್ತೇನೆ, ಮಾಲೀಕರು ಸುಲಭದ ಓಟ ಆರಿಸಿಕೊಂಡಿರಬಹುದೆಂದು. ಇಲ್ಲಿ ಆ ಅನುಮಾನಕ್ಕೆ ಜಾಗವೇ ಇಲ್ಲ. ರೈಲಿನಲ್ಲಿ ದೇಶದಿಂದ ದೇಶಕ್ಕೆ ಹೋಗಿ ಆಸ್ಟ್ರಿಯಾ, ಜರ್ಮನಿ, ಫ್ರಾನ್ಸ್, ಇಂಗ್ಲೆಂಡಿನಲ್ಲೂ ಓಡಿತು, ಒಂದು ಕಿಲೋಮೀಟರಿನಿಂದ ನಾಲ್ಕು ಕಿಲೋಮೀಟರ್ ದಾಟಿದ ಓಟದವರೆಗೆ. ಆದ್ದರಿಂದ ನನ್ನ ಪಟ್ಟಿಯಲ್ಲಿ ಮೊದಲು ಫಾರ್ ಲ್ಯಾಪ್, ಎರಡನೆಯದು ಕಿಂಚೆಮ್, ಮೂರನೆಯದು ಮ್ಯಾನ್ ಓ ವಾರ್, ನಂತರ ಸೆಕ್ರೆಟೇರಿಯಟ್, ಅದರ ಹಿಂದೆಯೇ ಫ್ರ್ಯಾಂಕೆಲ್. ಅಣ್ಣ ಜಗಳಕ್ಕೆ ಬಂದರೆ 1878ರ ಬಾಡೆನ್-ಬಾಡೆನ್ ಓಟದ ಕಥೆ ಹೇಳಿ. ಪ್ರಿನ್ಸ್ ಗೈಲ್ಸ್ ಎಂಬ ಕುದುರೆಯೂ ಕಿಂಚೆಮ್ಮೂ ಸಮಸಮ ಬಂದವು. ತೀರ್ಮಾನಕ್ಕೆಂದು ಅದೇ ದಿನ ಎರಡನ್ನೂ ಇನ್ನೊಮ್ಮೆ ಓಡಿಸಿದರು. ಎರಡನೇ ಸಲ ಕಿಂಚೆಮ್ ಸುಲಭವಾಗಿ ಗೆದ್ದಿತು.